ರಿಬ್ಬನ್ನು ಕಟ್ಟಿದ ಬಾಗಿಲು

"ಏ ಮುಟ್ಟಬ್ಯಾಡ ಅದನ್ನ! ಈಗಷ್ಟ ತೊಳದದ್ದು. ನೆಲದ ಮ್ಯಾಲ ಎಳದಾಡಿದ ಕೈ ತಂದು ಆ ಬಿಳೀ ಟೈಲ್ಸಿಗೆ ಒರಸ್ತಿ ಅಂದ್ರ ಆಬಾಸಾಹೇಬ್ರಿಗೆ ಏನ್ ತೋರಿಸ್ಲಿ, ನಿನ್ನ ಹೆಣಾನ?"

ಕಾಲೇಜಿನ ಕಚೇರಿ ನೋಡಿಕೊಳ್ಳುವ ಜಗದಾಳೆ ಹೀಗೆ ಕೂಗಿದಾಗ ಸಾರಿಕಾ ಹೊಸ ಶೌಚಾಲಯದ ಇಳಿಜಾರನ್ನು ಅರ್ಧ ಏರಿದ್ದಳು. ಎರಡೂ ಕೈಗೆ ಹವಾಯಿ ಚಪ್ಪಲಿ ತೊಟ್ಟು, ಬಾಡಿಹೋದ ಕಾಲುಗಳನ್ನು ಹಿಂದೆ ಎಳೆದುಕೊಂಡು ಬರುವುದು ಅವಳ ನಡಿಗೆ. ಒಳಗೆ ಅವಳನ್ನು ಹೆತ್ತ ಆಯಿ ಭಾಗೂಬಾಯಿ ಗೋಡೆಯ ಸ್ಟೀಲ್ ಹಿಡಿಕೆಯನ್ನು ಸೆರಗಿನಿಂದ ತಿಕ್ಕುತ್ತಿದ್ದಳು. ಕಾಲೇಜಿನ ಕಸ ಗುಡಿಸುವ ಕೆಲಸ ಅವಳದು, ಅದೂ ಗುತ್ತಿಗೆಯ ಮೇಲೆ.

"ಸಾಹೇಬ್ರ, ಒಂದ ಗಳಿಗಿ ಬಿಡ್ರಿ. ಮುಂಜಾನಿಂದ ಹೋಗಿಲ್ಲ," ಎಂದಳು ಸಾರಿಕಾ.

"ಉದ್ಘಾಟನೆ ಆಗ್ಲಿ. ಆಮ್ಯಾಲ ಮೊದಲ ಪಾಳಿ ನಿಂದ. ಅಲ್ಲೇ ಹಾಸಿಗಿ ಹಾಸ್ಕೊಂಡು ಮಲ್ಕೊ, ಯಾರ್ ಬ್ಯಾಡ ಅಂತಾರ?" ಜಗದಾಳೆ ನಕ್ಕು, ಭಾಗೂಬಾಯಿಯನ್ನು ಹೊರಗೆ ಕರೆದು ಬಾಗಿಲು ಎಳೆದ. ಬೀಗ ಜಡಿದು ಕೀಲಿಯನ್ನು ಜೇಬಿಗಿಳಿಸಿದ. ಚೌಕಟ್ಟಿನ ಈ ಮಗ್ಗುಲಿಂದ ಆ ಮಗ್ಗುಲಿಗೆ ಕೆಂಪು ರಿಬ್ಬನ್ನು ಬಿಗಿದು, ನಾಲ್ಕು ಹೆಜ್ಜೆ ಹಿಂದೆ ಸರಿದು ತಲೆ ವಾರೆ ಮಾಡಿ ನೋಡಿದ.

ಕಾಲೇಜಿನ ಉಳಿದ ಶೌಚಾಲಯಗಳೆಲ್ಲ ಮೆಟ್ಟಿಲ ಮೇಲಿದ್ದವು. ನೆಲ ಯಾವಾಗಲೂ ಹಸಿ. ಉಳಿದ ಹುಡುಗಿಯರು ಲಂಗ ಎತ್ತಿ ತುದಿಗಾಲಲ್ಲಿ ದಾಟುವ ಆ ಹೊಲಸಿನಲ್ಲಿ ಸಾರಿಕಾ ಅಂಗೈ ಊರಬೇಕಿತ್ತು. ಕಾಲೇಜು ಸೇರಿದ ಮೊದಲ ದಿನ ಊರಿದ್ದಳು. ಮನೆಗೆ ಬಂದು ಊಟಕ್ಕೆ ಕೂತು ಭಾಕರಿ ಮುರಿಯಲಾಗದೆ ತಾಟು ದೂಡಿದ್ದಳು. ಅಂದಿನಿಂದ ಕಾಲೇಜಿರುವ ದಿನ ಬೆಳಿಗ್ಗೆ ಹನಿ ನೀರು ಕುಡಿಯುತ್ತಿರಲಿಲ್ಲ. ತುಟಿ ಒಡೆದವು. ಉರಿಮೂತ್ರ ಹತ್ತಿ ಸರ್ಕಾರಿ ದವಾಖಾನೆಯಲ್ಲಿ ಮಲಗಿದಳು. ನೀರು ಯಾಕೆ ಕುಡಿಯಂಗಿಲ್ಲ ಎಂದು ಡಾಕ್ಟರು ಬೈದಾಗ ಆಯಿ ಮಗಳು ಇಬ್ಬರೂ ನೆಲ ನೋಡಿದ್ದರು.

ಇವತ್ತು ಮಾತ್ರ ಕುಡಿದಿದ್ದಳು. ದಿವ್ಯಾಂಗ ಜಾಗೃತಿ ದಿನ. ಸಂಸ್ಥೆಯ ಅಧ್ಯಕ್ಷರಾದ ಆಬಾಸಾಹೇಬರು ಬಂದು ಅವಳಂಥವರಿಗಾಗಿಯೇ ಕಟ್ಟಿಸಿದ ಶೌಚಾಲಯ ತೆರೆಯುತ್ತಾರೆ. ಆ ಧೈರ್ಯದಲ್ಲಿ ಮುಂಜಾನೆ ತುಂಬಿದ ತಂಬಿಗೆ ಎತ್ತಿ ಗಟಗಟ ಕುಡಿದಿದ್ದಳು. ಆಯಿ ನಗುತ್ತ ಮತ್ತೊಂದು ತಂಬಿಗೆ ಬಗ್ಗಿಸಿ ಕೊಟ್ಟಿದ್ದಳು.

ವೇದಿಕೆಗೆ ಇಳಿಜಾರಿರಲಿಲ್ಲ. "ನಾನ ಏರ್ತೀನಿ, ಬಿಡ್ರಿ" ಎನ್ನುವಷ್ಟರಲ್ಲಿ ಎದೆಗೆ ಬ್ಯಾಡ್ಜು ಚುಚ್ಚಿಕೊಂಡ ಇಬ್ಬರು ಹುಡುಗರು ಅವಳ ಕಂಕುಳಿಗೆ ಕೈ ಹಾಕಿ ಎತ್ತಿದರು. ಒಬ್ಬನ ಬೆರಳು ಎಲ್ಲಿ ಹೋಗಬಾರದೋ ಅಲ್ಲಿ ಹೋಯಿತು. ಅವಳು ಕೊಸರಿಕೊಂಡಳು. "ಅಲುಗಾಡಬ್ಯಾಡ ತಾಯಿ, ಬೀಳ್ತಿ" ಎಂದ ಅವನು, ಮುಖದ ತುಂಬ ಸೇವಾಭಾವ ತುಂಬಿಕೊಂಡು. ಹೊಸ ಗಾಲಿಕುರ್ಚಿಯಲ್ಲಿ ಅವಳನ್ನು ಕೂರಿಸಿದರು. ಅದರ ಪ್ಲಾಸ್ಟಿಕ್ ಹೊದಿಕೆ ತೆಗೆದಿರಲಿಲ್ಲ. ಅಧ್ಯಕ್ಷರು ಕೊಟ್ಟ ಮೇಲೆ ತೆಗೆಯುವುದಂತೆ. ಕೈಚಪ್ಪಲಿ ಫೋಟೋದಲ್ಲಿ ಅಸಹ್ಯ ಕಾಣುತ್ತವೆಂದು ಜಗದಾಳೆ ಅವನ್ನು ಬೆರಳ ತುದಿಯಲ್ಲಿ ಹಿಡಿದು ಎತ್ತಲೋ ಒಯ್ದ.

ಕೆಳಗೆ ಮೈದಾನದಲ್ಲಿ ಜಾಗೃತಿ ನಡೆದಿತ್ತು. ಕುರುಡರ ಕಷ್ಟ ತಿಳಿಯಲೆಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹುಡುಗರು ಕೈ ಚಾಚಿ ಹುಡುಗಿಯರ ಗುಂಪಿನೊಳಗೇ ನುಗ್ಗುತ್ತಿದ್ದರು. ಕೆಲವರು ಒಂದು ಕಾಲು ಮಡಚಿ ಕಟ್ಟಿಕೊಂಡು ಕುಂಟುತ್ತ ಓಡುವ ಪಂದ್ಯ ಹೂಡಿದ್ದರು. ಬಿದ್ದವರು ಬಿದ್ದಲ್ಲೇ ಹೊರಳಿ ನಗುತ್ತಿದ್ದರು. ನಕ್ಕು ಸಾಕಾದವರು ಕಾಲು ಬಿಚ್ಚಿಕೊಂಡು ಒಗ್ಗರಣೆ ಅವಲಕ್ಕಿ ತಿನ್ನಲು ಹೋಗುತ್ತಿದ್ದರು.

ಕಾರ್ಯಕ್ರಮ ನಡೆಸುತ್ತಿದ್ದ ಅಭ್ಯಂಕರ್ ಮೇಡಂ ಸಾರಿಕಾಳ ಕಿವಿಯ ಬಳಿ ಬಗ್ಗಿದರು. "ಮಾತು ನೆನಪೈತಿ ಅಲ್ಲ ಕೂಸ? ದೇವರು ನನ್ನ ಕಾಲು ಕಸಗೊಂಡ, ಆಬಾಸಾಹೇಬ್ರು ಕಾಲು ಕೊಟ್ರು. ಅಷ್ಟ. ಹೇಳೂಮುಂದ ಗಂಟಲು ಸ್ವಲ್ಪ ಬಿಗೀಲಿ."

"ದೇವರಲ್ಲ ಮೇಡಂ. ಆಬಾಸಾಹೇಬ್ರ ಸಕ್ಕರಿ ಫ್ಯಾಕ್ಟರಿ ಟ್ರ್ಯಾಕ್ಟರು. ಕಬ್ಬು ಕಡಿಯೋರ ಗುಡಸಲದಾಗ ನಾನು ಮಲಗಿದ್ದೆ. ಡ್ರೈವರ ಹಿಂದ ನೋಡದ ಹಿಂದಕ್ಕ ತಂದು ಕಾಲ ಮ್ಯಾಲ ಹತ್ತಿಸಿದ."

ಮೇಡಂ ಅತ್ತ ಇತ್ತ ನೋಡಿದರು. "ಇವತ್ತ ಅದೆಲ್ಲ ಬ್ಯಾಡ. ಇವತ್ತ ಸಕಾರಾತ್ಮಕ ಇರೋಣ."

"ಅದಿರ್ಲಿ ಮೇಡಂ. ನಂಗ ಒಂದಕ್ಕ ಹೋಗಬೇಕು. ಕೀಲಿ ಕೊಡಸ್ರಿ."

"ರಿಬ್ಬನ್ ಕಟ್ಟೈತಲ್ಲ! ಸಾಹೇಬ್ರು ಕಾರ್ಖಾನಿ ಬಿಟ್ಟಾರಂತ, ಇನ್ನೇನ್ ಬಂದಬಿಟ್ರು. ತಡ್ಕೋ."

ಸಾಹೇಬರು ಬರಲಿಲ್ಲ. ಬಿಸಿಲು ವೇದಿಕೆಯ ಮೇಲೇ ಬಂತು. ಅವಳ ಕಿಬ್ಬೊಟ್ಟೆ ಕಲ್ಲಾಯಿತು. ಬೆನ್ನ ಕೆಳಗಿನಿಂದ ಸೆಳೆತ ಎದ್ದಾಗ ಹಲ್ಲು ಕಚ್ಚಿಕೊಂಡಳು. ಪ್ಲಾಸ್ಟಿಕ್ಕಿನ ಮೇಲೆ ಬೆವತು ಜಾರುತ್ತಿದ್ದಳು. ಪ್ರಾಚಾರ್ಯ ನಿಂಬಾಳ್ಕರ್ ಮೈಕಿನ ಮುಂದೆ ನಿಂತು ವಿಶಾಲ ಹೃದಯದ ಬಗ್ಗೆ ಮಾತಾಡುತ್ತಿದ್ದ. "ಕುಂಟ, ಕುರುಡ ಅನ್ನೋ ಮಾತು ಈ ಆವರಣದೊಳಗ ಇವತ್ತಿನಿಂದ ಕೇಳಸಬಾರ್ದು" ಎಂದಾಗ ಚಪ್ಪಾಳೆ ಬಿತ್ತು.

ಮಾತು ಮುಗಿಸಿ ಅವನು ನೀರು ಕುಡಿಯಲು ಹೊರಳಿದ. ಸಾರಿಕಾ ಚಕ್ರ ತಳ್ಳಿಕೊಂಡು ಹೋಗಿ ಮೈಕಿನ ಕಂಬವನ್ನು ತನ್ನತ್ತ ಬಾಗಿಸಿದಳು.

"ನಂಗ ಒಂದಕ್ಕ ಹೋಗಬೇಕು. ಬೀಗ ತಗೀರಿ."

ಮೈದಾನದ ನಾಲ್ಕೂ ಮೂಲೆಯ ಹಾರ್ನುಗಳಲ್ಲಿ ಅವಳ ದನಿ ಮೊಳಗಿತು. ನಗು ಸಿಡಿಯಿತು. ಯಾರೋ ಸಿಳ್ಳೆ ಹಾಕಿದರು.

ನಿಂಬಾಳ್ಕರ್ ಮೈಕು ಕಿತ್ತುಕೊಂಡು ಅದರ ಬಾಯಿಯನ್ನು ಅಂಗೈಯಿಂದ ಮುಚ್ಚಿದ. "ನಾಚಿಕಿ ಐತೇನ ನಿನಗ? ಎಲ್ಲೆಲ್ಲಿಂದ ಎತ್ಗೊಂಡ್ ಬಂದು ಕುರ್ಚಿ ಮ್ಯಾಲ ಕೂಡಿಸಿದ್ರೂ ನಿಮ್ಮ ಕೇರಿ ಬುದ್ಧಿ ಬಿಡಂಗಿಲ್ಲ ನೀವು. ಏ ಜಗದಾಳೆ, ಇಕಿ ಅವ್ವನ್ನ ಕರಿ!"

ಭಾಗೂಬಾಯಿ ಪೊರಕೆ ಹಿಡಿದೇ ಓಡಿ ಬಂದಳು.

"ಮಗಳಿಗೆ ಬಾಯಿ ಮುಚ್ಕೊಂಡು ಕುಂದ್ರಾಕ ಹೇಳು. ಇಲ್ಲಾಂದ್ರ ನಾಳಿಂದ ಇಬ್ಬರೂ ಈ ಗೇಟು ದಾಟಬ್ಯಾಡ್ರಿ."

ಭಾಗೂಬಾಯಿಯ ಮುಖ ಬೂದಿಯಾಯಿತು. ವೇದಿಕೆಯ ಕೆಳಗಿನಿಂದಲೇ ಮಗಳ ಪಾದ ಹಿಡಿದಳು. "ಸಾರೂ, ತಡಿ ನನ್ನವ್ವಾ. ಕೆಲಸ ಹೋತಂದ್ರ ಮತ್ತ ಕಬ್ಬಿಗೆ ಹೋಗಬೇಕು. ಹೊಯ್ಕೊಂಡ್ರ ಹೊಯ್ಕೊ, ಸೀರಿ ನಾ ತೊಳೀತೀನಿ."

ಆ ಕೊನೆಯ ಮಾತು ಸಾರಿಕಾಳಿಗೆ ಪ್ರಾಚಾರ್ಯನ ಮಾತಿಗಿಂತ ಆಳಕ್ಕೆ ಇಳಿಯಿತು. ಆಯಿಯ ಮುಖವನ್ನೇ ನೋಡಿದಳು. ಕುರ್ಚಿಯಿಂದ ಜಾರಿ ಹಲಗೆಯ ಮೇಲೆ ಧೊಪ್ಪನೆ ಬಿದ್ದು ಮೆಟ್ಟಿಲಿಳಿಯತೊಡಗಿದಳು.

"ಹಿಡೀರಿ ಅಕೀನ!" ಜಗದಾಳೆ ಅರಚಿದ. ಬ್ಯಾಡ್ಜಿನ ಹುಡುಗ ಮುಂದೆ ಬಂದ. "ಮೈ ಮುಟ್ಟಿದ್ರ ಕೈ ಕಚ್ಚಿ ಹರೀತೀನಿ ಸೂಳೇಮಗನ" ಎಂದಳು. ಅವನು ನಿಂತಲ್ಲೇ ನಿಂತ.

ಬರಿಗೈ. ಕಾದ ಜಲ್ಲಿ. ಅಂಗೈಗೆ ಕಲ್ಲು ಚುಚ್ಚುತ್ತಿದ್ದರೂ ಅವಳು ಸುತ್ತು ಹಾಕಿ ಹೋಗಲಿಲ್ಲ. ಆಟದ ನಟ್ಟನಡುವೆಯೇ ಹೋದಳು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡವನೊಬ್ಬ ಅವಳನ್ನು ಎಡವಿ "ಯಾವ್ದಲೇ ಈ ನಾಯಿ" ಎಂದು ಕಾಲು ಝಾಡಿಸಿದ. ಬಟ್ಟೆ ಸರಿಸಿ ನೋಡಿ ನಾಲಗೆ ಕಚ್ಚಿಕೊಂಡ. ನಗು ಒಂದೊಂದೇ ಕಡೆ ಆರುತ್ತ ಬಂತು.

ಇಳಿಜಾರಿನ ಬುಡದಲ್ಲಿ ಗವಂಡಿಗಳು ಗೋಡೆ ಕಟ್ಟಿ ಮುಗಿಸಿ ಬಿಟ್ಟುಹೋದ ಕಲ್ಲುಗಳಿದ್ದವು. ಒಂದನ್ನು ಮುಂದೆ ಮುಂದೆ ಉರುಳಿಸಿಕೊಂಡು ಏರಿದಳು. ಬಾಗಿಲಿಗೆ ಭುಜ ಆನಿಸಿ ಬೀಗಕ್ಕೆ ಹೊಡೆದಳು. ಬೀಗ ಜೋತಾಡಿ ತಪ್ಪಿಸಿಕೊಂಡಿತು. ಮತ್ತೆ ಹೊಡೆದಳು. ಮತ್ತೆ ಜಾರಿತು. ಹೊಟ್ಟೆ ಇನ್ನು ತಡೆಯುವಂತಿರಲಿಲ್ಲ. ಅವಳಿಗೆ ಅಳು ಬಂತು.

ಆಗ ಬೀಗದ ಮೇಲೆ ಒಂದು ಕೈ ಬಂತು. ಫಿನೈಲಿನಲ್ಲಿ ಸುಲಿದ, ಬಿಳುಪೇರಿದ ಬೆರಳುಗಳು. ಭಾಗೂಬಾಯಿ ಏದುಸಿರು ಬಿಡುತ್ತ ಬೀಗವನ್ನು ಚೌಕಟ್ಟಿಗೆ ಒತ್ತಿ ಹಿಡಿದಿದ್ದಳು.

"ಹೊಡಿ."

"ಆಯಿ, ಬೆರಳು."

"ಹೋದ್ರ ಹೋಗ್ಲಿ. ಹೊಡಿ ಅಂದ್ನಲ್ಲ!"

ನೆಲ ಗುದ್ದಿ ಗುದ್ದಿ ಗಟ್ಟಿಯಾದ ತೋಳನ್ನು ಸಾರಿಕಾ ಎತ್ತಿದಳು. ಕೊಂಡಿ ಕಿತ್ತು ಬಂತು, ಆಯಿಯ ಉಗುರೂ ಒಡೆಯಿತು. ರಿಬ್ಬನ್ನಿನ ಅಡಿಯಿಂದ ನುಸುಳಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಸ್ಟೀಲ್ ಹಿಡಿಕೆ ಹಿಡಿದು ಮೈ ಎತ್ತಿದಳು. ಉರಿಯಿತು, ಕಣ್ಣಲ್ಲಿ ನೀರು ಕಿತ್ತು ಬಂತು. ಉಚ್ಚೆ ನಿಲ್ಲಲೇ ಇಲ್ಲ. ಬಾಯಿಗೆ ಸೆರಗು ತುರುಕಿಕೊಂಡು ಅಲ್ಲೇ ಕೂತಳು.

ಹೊರಗೆ ಗಾಡಿಗಳು ಬಂದು ನಿಂತ ಸದ್ದು. ಬ್ಯಾಂಡು ಶುರುವಾಯಿತು, ಅರ್ಧಕ್ಕೇ ನಿಂತಿತು. ಬೂಟುಗಳು ಇಳಿಜಾರಿನವರೆಗೆ ಬಂದವು.

"ಇದೇನಿದು? ಬಾಗಲಿಗೆ ಅಡ್ಡ ಕುಂತಾಕಿ ಯಾರು?" ಭಾರದ ದನಿ. ಆಬಾಸಾಹೇಬನದೇ ಇರಬೇಕು.

"ಏಳ ರಂಡೆ, ಸಾಹೇಬ್ರು ಕತ್ತರಿ ಹಿಡ್ಕೊಂಡು ನಿಂತಾರ!" ಇದು ಜಗದಾಳೆ.

ಭಾಗೂಬಾಯಿ ಈ ಆವರಣದಲ್ಲಿ ಯಾವತ್ತೂ ಗಟ್ಟಿಯಾಗಿ ಮಾತಾಡಿದವಳಲ್ಲ. ಈಗ ಬಾಗಿಲ ಆಚೆಯಿಂದ ಅವಳ ದನಿ ಮೈದಾನದ ತನಕ ಹೋಯಿತು.

"ನಿಂದ್ರಲಿ. ನನ್ನ ಮಗಳು ಉಚ್ಚಿ ಹೊಯ್ಯಾಕತ್ತಾಳ."

ಆಮೇಲೆ ಎಳೆದಾಡಿದ ಸದ್ದು, ಪೊರಕೆ ಮುರಿದ ಸದ್ದು, ಆಯಿಯ ಬೈಗುಳ. ಬಾಗಿಲಿಗೆ ಒಂದು ಒದೆ ಬಿತ್ತು. ಚಿಲಕ ಕುಣಿಯಿತು. ಸಾರಿಕಾ ಕೆಳಗಿಳಿದು ಬೆನ್ನನ್ನು ಬಾಗಿಲಿಗೆ ಕೊಟ್ಟಳು. ರಕ್ತ ಜಿನುಗುವ ಎರಡೂ ಅಂಗೈಗಳನ್ನು ನೆಲಕ್ಕೆ ಊರಿ, ಮುಂದಿನ ಒದೆಗೆ ಮೈ ಗಟ್ಟಿ ಮಾಡಿಕೊಂಡು ಕೂತಳು.