ಕಣ್ಣಿನ ಪಾಲು

"ಏನಿದು, ಬೋಸುಡಿ? ಯಾರ ಹೆಣಾ ತಂದಿಟ್ಟಿ ನನ್ನ ಅಂಗಳದಾಗ?"

ಈಶಪ್ಪ ಒದ್ದ ರಭಸಕ್ಕೆ ಮುತ್ತುಗದ ಎಲೆಯ ಪೊಟ್ಟಣ ಬಿಚ್ಚಿಕೊಂಡಿತು. ಒಳಗಿದ್ದ ಹಾವುಮೀನಿನ ತುಂಡು, ಆಗಷ್ಟೇ ಸಗಣಿ ಸಾರಿಸಿದ್ದ ನೆಲದ ಮೇಲೆ ಉರುಳಿ ಹೊಸ್ತಿಲ ಹತ್ತಿರ ಹೋಗಿ ನಿಂತಿತು. ನೆತ್ತರು ಇನ್ನೂ ಆರಿರಲಿಲ್ಲ. ಅಂಗಳದ ಅಂಚಿಗೆ ಕುಕ್ಕರಗಾಲಲ್ಲಿ ಕೂತಿದ್ದ ಗಂಗೂ, ಒದೆ ತನಗೇ ಬಿತ್ತೇನೋ ಎಂಬಂತೆ ಹಿಂದಕ್ಕೆ ಸರಿದಳು.

"ನಿಮ್ಮ ಪಾಲು ರೀ, ಧಣಿ."

"ನನ್ನ ಪಾಲ? ಕೊರಳಾಗಿನ ಲಿಂಗ ಕಾಣವಲ್ದೇನ ನಿನಗ? ನಮ್ಮ ಮನಿ ಬಾಗಲಕ್ಕ ಮೀನ ತರ್ತಿ, ಕಾಪ್ರಿ ರಂಡಿ?"

"ತಿನ್ನಬ್ಯಾಡ್ರಿ. ನಾಯಿಗೆ ಹಾಕ್ರಿ, ಬಿಸಾಕ್ರಿ. ತಗೊಂಡೆ ಅಂತ ಒಂದ ಮಾತು ಅಂದ್ರ ಸಾಕು. ನಿಮ್ಮ ಕಣ್ಣು ಬಿತ್ತಲ್ರೀ ಮೀನಿನ ಮ್ಯಾಗ, ಅದಕ ತಂದೆ."

"ಯಾವಾಗ ಬಿತ್ತು?"

"ಮುಂಜಾನಿ ರೀ. ನಮ್ಮ ಸೋಮಾ ಮಡುವಿನಾಗ ಕೂಳಿ ಎತ್ತೂಮುಂದ ನೀವು ಆಚೀ ದಂಡಿಗೆ ನಿಂತು ಮಾರಿ ತೊಳಕೊಳ್ಳಾಕ ಹತ್ತಿದ್ರಿ. ಈ ಕಡೆನ ನೋಡಿದ್ರಿ."

ಈಶಪ್ಪ ಏನನ್ನೂ ನೋಡಿರಲಿಲ್ಲ. ಸಾಹೇಬನ ಬಂಗಲೆಯಿಂದ ಸಿಕ್ಕಿದ ಹೊಸ ಸಾಬೂನಿನ ನೊರೆ ಕಣ್ಣಿಗೆ ಹೋಗಿ, ಉರಿ ತಾಳಲಾರದೆ ಆಚೆ ಈಚೆ ಮುಖ ತಿರುವುತ್ತಿದ್ದ, ಅಷ್ಟೆ. ಆದರೆ ಆ ಮಡುವನ್ನು ಕಾಯಲೆಂದೇ ಸರಕಾರ ಅವನಿಗೆ ಸಂಬಳ ಕೊಡುತ್ತಿತ್ತು. ಕಳ್ಳರು ತಾವಾಗಿಯೇ ಮನೆ ಹುಡುಕಿಕೊಂಡು ಬಂದದ್ದು ಅವನ ನೌಕರಿಯಲ್ಲಿ ಇದೇ ಮೊದಲು. ಅವನ ಮುಖದ ಸಿಟ್ಟು ಸಡಿಲಾಗಿ ಅಲ್ಲಿ ಖುಷಿ ಮೂಡಿತು. ಪಾಪ, ಗಂಗೂಗೆ ಅದನ್ನು ನೋಡಿ ಸಮಾಧಾನವಾಯಿತು.

"ಹೌದು, ನೋಡೇನಿ," ಎಂದ ಅವನು. "ಈಗ ಈ ಹೊಲಸು ಎತ್ತು. ನಿನ್ನ ಸೆರಗಿಲೆ ನೆಲಾ ಒರಸು. ಒರಸಿ, ಸಗಣಿ ತಂದು ಮತ್ತ ಸಾರಸು."

ಅವಳು ಒರೆಸಿದಳು, ಸಾರಿಸಿದಳು. ಸೊಂಟ ನೋಯುತ್ತಿದ್ದರೂ ಮನಸ್ಸು ಹಗುರಾಗಿತ್ತು. ಹೊರಡುವಾಗ ಕೈ ಮುಗಿದು ಮತ್ತೊಮ್ಮೆ ಕೇಳಿದಳು. "ತಗೊಂಡಂಗ ಆತಲ್ರೀ ಧಣಿ?"

"ಆತು ಹೋಗು. ಹಿಂದಿಂದ ನಾನೂ ಬರ್ತೇನಿ."

ದಾಂಡೇಲಿಯಿಂದ ಕೆಳಗೆ, ಕಾಳಿ ಹೊಳೆ ತಿರುವಿದಲ್ಲಿ ಇರುವ, ಹೊರಗಿನವರು ಕಾಪ್ರಿಗಳೆಂದು ಜರಿಯುವ ಸಿದ್ದಿಗಳ ಕೇರಿಯಲ್ಲಿ ಇದು ಅಜ್ಜ ಮುತ್ತಜ್ಜರಿಂದ ನಡೆದುಬಂದ ಕಟ್ಟಳೆ. ಮೀನು ನೀರಿನಿಂದ ಮೇಲೆ ಬರುವಾಗ ಯಾರ ಕಣ್ಣು ಅದರ ಮೇಲೆ ಬಿತ್ತೋ ಅವರಿಗೆ ಒಂದು ಪಾಲು. ದಾರಿಹೋಕನಾದರೂ ಸರಿ, ಹಗೆಯಾದರೂ ಸರಿ. ಕಣ್ಣಿನ ಪಾಲು ಮುಟ್ಟಿಸದೆ ಉಂಡ ಮೀನು ಮೈಗೆ ಹತ್ತುವುದಿಲ್ಲ, ಬಾಣಂತಿ ಉಂಡರಂತೂ ಮಗುವಿಗೆ ತಟ್ಟುತ್ತದೆ ಎಂದು ನಂಬಿದವರು. ಅವರಲ್ಲಿ ದೇವಿಗೆ ಕೈಮುಗಿಯುವವರೂ ಇದ್ದರು, ಇಗರ್ಜಿಗೆ ಹೋಗುವವರೂ ಇದ್ದರು. ಈ ಒಂದು ಮಾತಿನಲ್ಲಿ ಎಲ್ಲರೂ ಒಂದೇ.

ಗಂಗೂವಿನ ಸೊಸೆ ಯಲ್ಲೂ ಹೆತ್ತು ವಾರ ಕಳೆದಿತ್ತು. ಗಂಡು ಕೂಸು. ಎದೆಯಲ್ಲಿ ಹಾಲಿಲ್ಲ. ಗೌಳಿಯವರ ಎಮ್ಮೆ ಹಾಲು ಬೇಡಿ ತಂದು ಕುಡಿಸಿದರೆ ಕೂಸು ಕುಡಿದಷ್ಟನ್ನೂ ಕಕ್ಕಿತು. ಕೇರಿಯಲ್ಲಿ ಮೊಲೆಯುಣಿಸುವ ಹೆಂಗಸು ಬೇರೆ ಇರಲಿಲ್ಲ. ಒಣಗಿದ ಎದೆಗೆ ಹಾಲು ಬರಿಸುವುದು ಹಾವುಮೀನಿನ ಸಾರೊಂದೇ ಎಂಬುದು ಗಂಗೂ ಸ್ವತಃ ಉಂಡು ಕಂಡ ಮಾತು. ಮಗ ಸೋಮಾ ಬದುಕಿದ್ದು ಹಾಗೆಯೇ. ಬೇಸಗೆ ಬೇರೆ. ಹಳ್ಳಗಳೆಲ್ಲ ಬತ್ತಿ, ನೀರು ಅಂತ ಉಳಿದಿದ್ದು ಆ ಮಡುವಿನಲ್ಲಿ ಮಾತ್ರ. ಮಡು ಸರಕಾರದ್ದಾಗಿತ್ತು.

ಸರಕಾರದ್ದು ಮಾಡಿದವನು ಮೀನಿನ ಸಾಹೇಬ. ಕಾರವಾರದ ಕಡಲ ದಂಡೆಯಲ್ಲಿ ಮೀನುಗಳ ಅಭ್ಯಾಸ ಮಾಡುತ್ತಿದ್ದವನು ಹೊಳೆಯ ಗುಂಟ ಹತ್ತಿಕೊಂಡು ಇಲ್ಲಿಗೆ ಬಂದಿದ್ದ. ನಮ್ಮ ಕಡೆಯವನೇ, ವಿಲಾಯಿತಿಯಲ್ಲಿ ಓದಿದವನು, ಪುಸ್ತಕದಂಥ ಕನ್ನಡ. ಕಳೆದ ವರ್ಷ ಕೇರಿಯ ಜನರನ್ನೆಲ್ಲ ಬಂಗಲೆಯ ಮುಂದೆ ಕೂಡಿಸಿ, ತಾನು ಕುರ್ಚಿಯಲ್ಲಿ ಕೂತು ತಿಳಿಸಿ ಹೇಳಿದ್ದ.

"ಈ ಹೊಳೆಯ ಹಾವುಮೀನು ಮರಿ ಮಾಡುವುದಕ್ಕೆ ಸಮುದ್ರಕ್ಕೆ ಹೋಗುತ್ತದೆ. ನೀವು ಇಲ್ಲಿಯೇ ಹಿಡಿದು ತಿಂದರೆ ಅಲ್ಲಿ ಮರಿಯಿಲ್ಲ. ಸಮುದ್ರದ ಸಂಪತ್ತು ಎಲ್ಲರದು, ಮುಂದಿನವರಿಗೂ ಉಳಿಯಬೇಕು. ನಾನು ಬಾಲಕ್ಕೆ ಗುರುತು ಮಾಡಿ ಬಿಡುತ್ತೇನೆ. ಮೂರು ವರ್ಷ ಯಾರೂ ಮುಟ್ಟಬಾರದು."

ಮುದುಕ ಮಾನ್ವೆಲ್ ಎದ್ದು ನಿಂತು ಕೇಳಿದ್ದ. "ಸಮುದ್ರ ನಾವು ಕಂಡಿಲ್ರಿ ಸಾಯೇಬ್ರ. ಮೂರು ವರ್ಷ ಏನ ತಿನ್ನೂಣು?"

ಸಾಹೇಬ ನಕ್ಕಿದ್ದ. ಕೆಟ್ಟ ನಗೆಯೇನಲ್ಲ. ಮಕ್ಕಳ ಪ್ರಶ್ನೆಗೆ ದೊಡ್ಡವರು ನಗುತ್ತಾರಲ್ಲ, ಹಾಗೆ.

ಅಂದಿನಿಂದ ಕೇರಿಯವರು ಮಡುವಿಗೆ ಇಳಿದರೆ ಚಡಿ ಏಟು. ಬಂಗಲೆಗೆ ದೊಡ್ಡವರು ಬಂದಾಗ ಮಾತ್ರ ಅದೇ ಮಡುವಿನ ಮೀನು ಅಡಿಗೆಮನೆಗೆ ಹೋಗುತ್ತಿತ್ತು. ಅದನ್ನು ಹಿಡಿದು ಕೊಡುತ್ತಿದ್ದವನು ಸೋಮಾ, ಬಿಟ್ಟಿ. ಹಿಡಿಸುತ್ತಿದ್ದವನು ಈಶಪ್ಪ, ಮೂಗು ಮುಚ್ಚಿಕೊಂಡು.

ಆ ಮುಂಜಾನೆ ಬಿದಿರು ಹೆಣೆದ ಕೂಳಿಯಲ್ಲಿ ಮೀನು ಬಿದ್ದಾಗ ಸೋಮಾ ತಾಯಿಗೆ ಪರಿಪರಿಯಾಗಿ ಹೇಳಿದ್ದ. "ಆಯಿ, ಅಂವ ನೋಡಿಲ್ಲ. ಮಾರಿ ತುಂಬ ನೊರಿ ಇತ್ತು. ಸುಮ್ನ ನಡಿ, ಸಾರು ಮಾಡು."

"ನೋಡ್ಯಾನ. ಮಾರಿ ಈ ಕಡೆ ಮಾಡಿದ್ದ."

"ನೋಡಿದ್ರ ಬಿಡ್ತಿದ್ನೇನ ಆ ಹಾಟ್ಯಾ?"

"ಬಿಟ್ಟಾನ ಅಂದ್ರ ಪಾಲು ಬೇಡ್ಯಾನ ಅಂತ ತಿಳಿ. ನಾ ಕೊಡಲಿಲ್ಲ ಅಂದ್ರ ನಿನ್ನ ಕೂಸಿಗೆ ತಟ್ಟತೈತಿ ಮಗಾ. ಒಂದು ತುಂಡು ಹೋದ್ರ ಹೋಗಲಿ."

ಕೂಸಿನ ಹೆಸರೆತ್ತಿದ ಮೇಲೆ ಸೋಮಾ ಮೀನು ಕೊಯ್ದು ಒಂದು ತುಂಡನ್ನು ಅವಳ ಮುಂದಿಟ್ಟಿದ್ದ.

ಗಂಗೂ ಈಶಪ್ಪನ ಮನೆಯಿಂದ ಮರಳಿ, ಸಾರು ಕುದಿಸಿ, ಗಡಿಗೆ ಇಳಿಸುವ ಹೊತ್ತಿಗೆ ಈಶಪ್ಪ ಬಂದ. ಹಿಂದೆ ಇಬ್ಬರು ಗಾರ್ಡುಗಳು, ಅವರ ಹಿಂದೆ ಬಿಸಿಲಿಗೆ ಟೊಪ್ಪಿಗೆ ಹಾಕಿಕೊಂಡ ಸಾಹೇಬ. ಯಲ್ಲೂ ಬಟ್ಟಲು ಹಿಡಿದು ಕೂತಿದ್ದಳು. ಬಾಯಿಗಿಟ್ಟಿರಲಿಲ್ಲ. ಈಶಪ್ಪ ಬಟ್ಟಲು ಕಸಿದುಕೊಂಡು ಗಡಿಗೆಗೆ ಸುರುವಿ, ಗಡಿಗೆಯನ್ನು ಹೊರಗೆ ತಂದು ಸಾಹೇಬನ ಮುಂದಿಟ್ಟ.

ಸಾಹೇಬ ಒಂಟಿ ಮೊಣಕಾಲೂರಿ ಕೂತು, ಜೇಬಿನಿಂದ ಚಿಮಟ ತೆಗೆದ. ಬಾಣಂತಿಯ ಸಾರಿನಲ್ಲಿ ಅದನ್ನು ಅದ್ದಿ, ತುಂಡು ತುಂಡು ಎತ್ತಿ ನೋಡಿದ. ಬಾಲ ಸಿಕ್ಕಿತು. ಅಂಚಿನಲ್ಲಿ ಕತ್ತರಿಸಿದ ಗುರುತು ಇತ್ತು. ಅವನ ಮುಖ ನಿಜವಾಗಿಯೂ ಬಾಡಿತು.

"ಇದು ನನ್ನ ಮೀನು," ಎಂದ. "ಈ ಮಳೆಗಾಲಕ್ಕೆ ಇದನ್ನು ಕಡಲಿನಲ್ಲಿ ಕಾಣಬೇಕೆಂದಿದ್ದೆ. ಎಷ್ಟು ಕೆಲಸ ಹಾಳು ಮಾಡಿದಿರಿ, ಗೊತ್ತೇ ನಿಮಗೆ?"

"ಸೊಸಿಗೆ ಹಾಲಿಲ್ರಿ ಸಾಯೇಬ್ರ," ಎಂದು ಗಂಗೂ ನೆಲಕ್ಕೆ ಹಣೆ ಹಚ್ಚಿದಳು. "ಕೂಸು ಸಾಯ್ತೈತ್ರಿ. ಸಾರು ಒಂದ ಕೊಡ್ರಿ, ತುಂಡು ಎಲ್ಲಾ ನೀವ ಒಯ್ರಿ."

"ಸುಳ್ಳ ರೀ," ಎಂದ ಈಶಪ್ಪ. "ಈ ಜಾತಿನ ಸುಳ್ಳಿಂದು. ಹಾಲಿಲ್ಲಂದ್ರ ಹಿಂಡಿ ತೋರಸಲಿ. ಏ, ಬಾ ಇಲ್ಲಿ. ಸಾಯೇಬ್ರ ಮುಂದ ತೋರ್ಸು."

ಯಲ್ಲೂ ಕದಲಲಿಲ್ಲ. ಒಬ್ಬ ಗಾರ್ಡು ಹಸಿ ಬಾಣಂತಿಯ ರಟ್ಟೆ ಹಿಡಿದು ಎಳೆದು ತಂದು ನಿಲ್ಲಿಸಿದ. ಕೇರಿಯ ಗಂಡಸರೆಲ್ಲ ನೆಲ ನೋಡಿದರು. ಅವಳು ಅಳುತ್ತ, ನಾಲ್ಕು ಜನ ಪರ ಗಂಡಸರ ಎದುರಿಗೆ ಎದೆ ಹಿಂಡಿಕೊಂಡಳು. ಒಂದು ಹನಿಯೂ ಬರಲಿಲ್ಲ. ಈಶಪ್ಪ ಗಹಗಹಿಸಿ ನಕ್ಕು, "ಖರೇನ ಐತಿ ಬಿಡ್ರಿ," ಎಂದ. ಸಾಹೇಬ ಆ ಕಡೆ ನೋಡಲಿಲ್ಲ. ಮರ್ಯಾದಸ್ಥ. ಬೆನ್ನು ತಿರುಗಿಸಿ ಬಾಲದ ತುಂಡನ್ನು ಗಾಜಿನ ಭರಣಿಗೆ ಹಾಕಿ ಮುಚ್ಚಳ ಬಿಗಿಯುತ್ತಿದ್ದ.

ಸೋಮಾ ಎಲ್ಲಿದ್ದನೋ, ಸೌದೆ ಹೊರೆ ಒಗೆದು ಓಡಿ ಬಂದವನೇ ಈಶಪ್ಪನ ಕುತ್ತಿಗೆಗೆ ಕೈ ಹಾಕಿದ. ಗಾರ್ಡುಗಳು ಬಿಡಿಸಿ ಹಲಸಿನ ಮರಕ್ಕೆ ಕಟ್ಟಿದರು. ಈಶಪ್ಪ ಚಡಿ ಎತ್ತಿದ. ಪ್ರತಿ ಏಟಿಗೂ ಒಂದು ಬೈಗುಳ.

"ಕಳ್ಳ ಸೂಳೀಮಗನ, ನನ್ನ ಕುತಗಿ ಹಿಡೀತಿ? ನಾ ಎಲ್ಲಿ ನೋಡಿದ್ನೋ ನಿನ್ನ ಮೀನ? ನೊರಿ ತುಂಬಿತ್ತು ನನ್ನ ಕಣ್ಣಾಗ. ನಿಮ್ಮವ್ವನ ಬಂದು ಹೇಳಿದ್ಲು. ಪಾಲು ಸೈತ ತಂದಿದ್ಲು, ಕೇಳ ಆಕೀನ್ನ."

ಸೋಮಾ ತಲೆ ಎತ್ತಿ ತಾಯಿಯ ಕಡೆ ನೋಡಿದ. ಬೈದಿದ್ದರೆ ಗಂಗೂ ತಡೆದುಕೊಳ್ಳುತ್ತಿದ್ದಳು. ಅವನು ಮತ್ತೆ ತಲೆ ಬಗ್ಗಿಸಿದ. ತಾನು ಹೊತ್ತು ಹೆತ್ತವನನ್ನು ತಾನೇ ಕೈಯಾರೆ ಎಲೆಯಲ್ಲಿ ಕಟ್ಟಿ ಕೊಟ್ಟು ಬಂದೆನಲ್ಲ ಎಂದು ಗಂಗೂ ಎದೆ ಎದೆ ಬಡಿದುಕೊಂಡಳು.

ಸಾರನ್ನು ಬೂದಿಯ ಗುಂಡಿಗೆ ಸುರುವಿದರು. ಮನೆ ಮನೆ ಹೊಕ್ಕು ಕೂಳಿಗಳನ್ನೆಲ್ಲ ಹೊರಗೆಳೆದು ರಾಶಿ ಹಾಕಿ ಬೆಂಕಿ ಇಟ್ಟರು. ಒಣಗಿದ ಬಿದಿರು ಪಟಪಟ ಸಿಡಿಯಿತು. ಸೋಮಾನನ್ನು ಕಟ್ಟಿಗೆ ಗಾಡಿಯ ಹಿಂದೆ ಕಟ್ಟಿಕೊಂಡು ಹಳಿಯಾಳದ ಠಾಣೆಗೆ ಒಯ್ದರು. ಹೋಗುವಾಗ ಸಾಹೇಬ ಗಂಗೂವಿನ ಹತ್ತಿರ ನಿಂತು, "ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನಿಜ ಹೇಳಿದವಳು ನೀನು," ಎಂದ.

ಆಮೇಲಿನ ದಿನಗಳಲ್ಲಿ ಕೂಸಿನ ಅಳು ಸಣ್ಣದಾಗುತ್ತ ಹೋಯಿತು. ಗಂಜಿ ತಿಳಿಯಲ್ಲಿ ಬಟ್ಟೆ ಅದ್ದಿ ಚೀಪಿಸಿದರು. ಅಷ್ಟಕ್ಕೇ ಜೀವ ಹಿಡಿದುಕೊಂಡಿತ್ತು. ಬಾಯಿ ಮೊಲೆಗೆ ಹಚ್ಚಿದರೆ ಎರಡು ಸಲ ಎಳೆದು ಸುಸ್ತಾಗಿ ಬಿಟ್ಟುಬಿಡುತ್ತಿತ್ತು. ಒಂದು ದಿನ ಅಳು ಪೂರಾ ನಿಂತು, ಕೂಸು ಬಾಯಿ ಮಾತ್ರ ತೆರೆದು ಮುಚ್ಚಿ ಮಾಡಿತು. ಅದನ್ನು ಕಂಡ ಗಂಗೂಗೆ ಹೆದರಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ.

"ಏಳು," ಎಂದಳು ಸೊಸೆಗೆ. "ಕೂಸಿನ್ನ ಎತ್ಕೊ. ಹೊಳಿಗೆ ಹೋಗೂಣು."

ನೆತ್ತಿ ಸುಡುವ ಮಟಮಟ ಮಧ್ಯಾಹ್ನ. ಮಡುವಿನ ಬಂಡೆಯ ಮೇಲೆ ಈಶಪ್ಪ ಕೋವಿ ತೊಡೆಯ ಮೇಲಿಟ್ಟು ಕೂತಿದ್ದ. ಮೀನು ತಿನ್ನುವ ನೀರುನಾಯಿಗಳನ್ನು ಹೊಡೆಯಲೆಂದು ಸಾಹೇಬ ಕೊಟ್ಟಿದ್ದ ಕೋವಿ. ಗಂಗೂ ಅವನ ಎದುರಿಗೇ ಕಚ್ಚೆ ಬಿಗಿದು, ಮೀನು ಜಾರದಿರಲೆಂದು ಎರಡೂ ಕೈಗೆ ಬೂದಿ ತಿಕ್ಕಿಕೊಂಡು ನೀರಿಗಿಳಿದಳು.

"ಏ ಮುದುಕಿ, ತಲಿ ಕೆಟ್ಟೈತೇನ? ಹೊರಗ ಬಾ."

ಅವಳು ಸೊಂಟ ಮುಳುಗುವ ತನಕ ಹೋಗಿ, ಬಂಡೆಯ ಸಂದಿಗೆ ತೋಳು ತೂರಿಸಿದಳು. ಕೂಳಿ ಸುಟ್ಟರೇನು, ಕೈ ಸುಟ್ಟಿರಲಿಲ್ಲ. ತೋಳು ಹೊರಬಂದಾಗ ಹಾವುಮೀನು ಮೊಣಕೈ ತನಕ ಸುತ್ತಿಕೊಂಡು ಒದ್ದಾಡುತ್ತಿತ್ತು. ಈಶಪ್ಪ ಎದ್ದು ಬಂಗಲೆಯ ಕಡೆ ಓಡಿದ.

ಅವನು ಸಾಹೇಬನನ್ನು ಕರೆತರುವಷ್ಟರಲ್ಲಿ ದಂಡೆಯ ಮೇಲೆ ಒಲೆ ಹೊತ್ತಿತ್ತು. ಮಾನ್ವೆಲ್ ಕಲ್ಲು ಹೂಡಿ ಬೆಂಕಿ ಊದುತ್ತಿದ್ದ. ಪಕ್ಕದ ಮನೆಯ ಕಾತರಿನಾ ಗಡಿಗೆ, ಉಪ್ಪು, ಮೆಣಸು ತಂದಿದ್ದಳು. ಕರೆಯದೆಯೇ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಯಲ್ಲೂವಿನ ಸುತ್ತ ನಿಂತರು. ಗಡಿಗೆ ಕುದಿಯುತ್ತಿತ್ತು. ಪಕ್ಕದ ಕಲ್ಲಿನ ಮೇಲೆ ಗುರುತಿನ ಬಾಲ ಬಿದ್ದಿತ್ತು.

"ಇನ್ನು ಎರಡು ವರ್ಷ ಮಾತ್ರ," ಎಂದ ಸಾಹೇಬ, ಏದುಸಿರು ಬಿಡುತ್ತ. "ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ. ಎರಡು ವರ್ಷ ಕಾಯಿರಿ."

ಗಂಗೂ ಸೊಸೆಯ ಮಡಿಲಿನಿಂದ ಕೂಸನ್ನು ಎತ್ತಿ ಸಾಹೇಬನ ಎದೆಯ ಹತ್ತಿರ ಹಿಡಿದಳು.

"ನನಗ ಯಾಕ ಹೇಳ್ತೀರಿ? ಇದಕ್ಕ ಹೇಳ್ರಿ."

ಸಾಹೇಬ ಒಂದು ಹೆಜ್ಜೆ ಹಿಂದೆ ಸರಿದ. ಕೂಸಿನ ಬಾಯಿ ತೆರೆದು ಮುಚ್ಚುತ್ತಿತ್ತು. ಗಂಗೂ ಅದನ್ನು ಕಾತರಿನಾಳ ಕೈಗೆ ಕೊಟ್ಟು ಒಲೆಯ ಮುಂದೆ ಕೂತಳು.

"ಗಡಿಗಿ ಇಳಿಸಿದಿ ಅಂದ್ರ ಗುಂಡ ಹಾಕ್ತೇನಿ," ಎಂದ ಈಶಪ್ಪ. ಕೋವಿಯ ಬಾಯಿ ಅವಳ ಬೆನ್ನಿಗಿತ್ತು.

"ಹಾಕಲೇ ಬಾಡ್ಯಾ. ಹಾಕೂ ತನಕ ನನ್ನ ಸೊಸಿ ಉಣ್ಣಲಿ."

ಅವಳು ಸೆರಗಿನಿಂದ ಗಡಿಗೆಯ ಕೊರಳು ಹಿಡಿದು ಇಳಿಸಿದಳು. ಬಟ್ಟಲಿಗೆ ಸಾರು ಬಗ್ಗಿಸಿದಳು. ಯಲ್ಲೂ ಬಾಯಿ ಸುಟ್ಟರೂ ನಿಲ್ಲಿಸದೆ ಕುಡಿದಳು. ಹಿಂದೆ ಕೋವಿಯ ಕುದುರೆಯನ್ನು ಹಿಂದಕ್ಕೆಳೆದು ಸಜ್ಜು ಮಾಡಿದ ಸದ್ದು ಎಲ್ಲರಿಗೂ ಕೇಳಿಸಿತು. ಈಶಪ್ಪ ಅಪ್ಪಣೆಗಾಗಿ ಸಾಹೇಬನ ಮುಖ ನೋಡಿದ. ಸಾಹೇಬ ಹೊಡೆ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಅವನು ಕಲ್ಲಿನ ಮೇಲಿನ ಬಾಲವನ್ನೇ ನೋಡುತ್ತಿದ್ದ.

ಯಲ್ಲೂ ಬರಿದಾದ ಬಟ್ಟಲು ಚಾಚಿದಳು. ಗಂಗೂ ಹಿಂದಿರುಗಿ ನೋಡದೆ ಮತ್ತೆ ಬಡಿಸಿದಳು.