ಟ್ಯಾಂಕರಿನ ಕೀಲಿ

ಆ ಸಾಗಣೆ ಕಂಪನಿಯಲ್ಲಿ ಲಾರಿಗಳ ಸುರಕ್ಷತೆಯ ಹೊಣೆ ಅವಳದು. ಟೈರು ಸವೆದಿದ್ದರೆ, ಬ್ರೇಕಿನ ಕೊಳವೆಯಲ್ಲಿ ಗಾಳಿ ಸೋರುತ್ತಿದ್ದರೆ, ಚಾಲಕ ಸಾಕಷ್ಟು ನಿದ್ದೆ ಮಾಡದೆ ಬಂದಿದ್ದರೆ ಲಾರಿ ಅಂಗಳದಲ್ಲೇ ನಿಲ್ಲುತ್ತಿತ್ತು. ಚಾಲಕರು ಅವಳಿಗೆ ಬ್ರೇಕಮ್ಮ ಎಂದು ಹೆಸರಿಟ್ಟಿದ್ದರು. ಬ್ರೇಕಮ್ಮ ಒಪ್ಪದೆ ಗಾಳಿಯೂ ಗೇಟು ದಾಟುವುದಿಲ್ಲ ಎಂದು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಅವಳ ಅಣ್ಣ.

ಅಣ್ಣ ಪೆಟ್ರೋಲ್ ಟ್ಯಾಂಕರ್ ಓಡಿಸುತ್ತಿದ್ದ. ಅಪ್ಪ ತೀರಿಕೊಂಡಾಗ ಶಾಲೆ ಬಿಟ್ಟು ಲಾರಿ ಹತ್ತಿದವನು, ತಂಗಿಯನ್ನು ಓದಿಸಿ ದಡ ಮುಟ್ಟಿಸಿದವನು. ಅವನ ಕೈಯಲ್ಲಿ ಒಂದು ಗೀರೂ ಆಗದ ಗಾಡಿ ಎಂದು ಮಾಲೀಕರು ಹೊಸಬರಿಗೆ ತೋರಿಸುತ್ತಿದ್ದರು.

ಒಂದು ಭಾನುವಾರ ಅವಳು ಅಣ್ಣನ ಮನೆಗೆ ಊಟಕ್ಕೆ ಹೋಗಿದ್ದಳು. ಅತ್ತಿಗೆ ಬಡಿಸುತ್ತಿದ್ದಳು. ಅಣ್ಣ ತುತ್ತು ಕಲಸುತ್ತಾ, ಏನೋ ತಮಾಷೆ ಎಂಬಂತೆ ಹೇಳಿದ:

"ಮೊನ್ನೆ ಸೇತುವೆ ಮೇಲೆ ಒಂದು ಗಳಿಗೆ ಏನೂ ಇರ್ಲಿಲ್ಲ ಕಣೇ. ಕಣ್ಣು ಬಿಟ್ಕೊಂಡೇ ಇದ್ದೆ. ಆಮೇಲೆ ನೋಡಿದ್ರೆ ಸೇತುವೆ ದಾಟಿಬಿಟ್ಟಿದೀನಿ."

ಬಿಸಿಲಿನ ಝಳ, ಹೊತ್ತು ಹೊತ್ತಿಗೆ ತಿನ್ನುವುದಿಲ್ಲ ಎಂದಳು ಅತ್ತಿಗೆ. ತಂಗಿ ಮಾತ್ರ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟಳು. ಹಿಂದೆಯೂ ಹೀಗಾಗಿತ್ತೇ ಎಂದು ಕೇಳಿದಳು. ಅಣ್ಣ ಬೇರೆ ಮಾತು ತೆಗೆದ.

ಪ್ರಜ್ಞೆ ಒಮ್ಮೆ ತಪ್ಪಿದರೂ ಸಾಕು, ವೈದ್ಯರು ಒಪ್ಪುವವರೆಗೆ ಅಂಥ ಚಾಲಕನಿಗೆ ಭಾರಿ ವಾಹನ ಕೊಡುವಂತಿಲ್ಲ. ಈ ನಿಯಮವನ್ನು ಅವಳು ಎಷ್ಟೋ ಜನಕ್ಕೆ ಓದಿ ಹೇಳಿದ್ದಳು. ಸೋಮವಾರ ಬೆಳಿಗ್ಗೆ ಟ್ಯಾಂಕರಿನ ಕೀಲಿಯನ್ನು ಗೋಡೆಯ ಮೊಳೆಯಿಂದ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು.

ಕಾರಣ ತಿಳಿದ ಮಾಲೀಕರು ಒಳಗೆ ಕರೆದರು. ಕೆಟ್ಟ ಮನುಷ್ಯರಲ್ಲ, ಆದರೆ ಸರಕು ಹೊರಡಬೇಕಿತ್ತು.

"ಊಟಕ್ಕೆ ಕೂತಾಗ ಆಡಿದ ಮಾತನ್ನ ಆಫೀಸಿಗೆ ತರ್ತಾರೇನಮ್ಮ? ನಾನಂತೂ ಕೇಳಿಸ್ಕೊಂಡಿಲ್ಲ."

"ನಾನು ಕೇಳಿಸ್ಕೊಂಡಿದೀನಲ್ಲ ಸರ್," ಎಂದಳು.

ಅಂಗಳದಲ್ಲಿ ಅಣ್ಣ ಕೈ ಚಾಚಿ ನಿಂತಿದ್ದ. ಅವಳು ಕೀಲಿ ಕೊಡಲಿಲ್ಲ. ಸುತ್ತ ಇದ್ದ ಚಾಲಕರು ಒಮ್ಮೆಲೇ ತಮ್ಮ ತಮ್ಮ ಟೈರು ಪರೀಕ್ಷಿಸಲು ಬಗ್ಗಿದರು.

"ಈಗ ನಾನು ಯಾರ ಹತ್ರ ಮಾತಾಡ್ತಿದೀನಿ?" ಎಂದ ಅಣ್ಣ. "ತಂಗಿ ಹತ್ರಾನೋ, ಬ್ರೇಕಮ್ಮನ ಹತ್ರಾನೋ?"

"ಇಬ್ರೂ ಬೇಡ ಅಂತಿದೀವಿ ಅಣ್ಣ."

ಅವನು ನಡೆದೇ ಮನೆಗೆ ಹೋದ. ಸಂಜೆ ಅತ್ತಿಗೆ ಫೋನು ಮಾಡಿ, ಉಂಡ ಮನೆಗೆ ಎರಡು ಬಗೆದೆ ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಬ್ರೇಕಮ್ಮ ಎಂದು ಕರೆಯುವುದನ್ನು ಚಾಲಕರೂ ನಿಲ್ಲಿಸಿದರು. ಆ ಹೆಸರು ಇಷ್ಟು ಬೇಗ ಹೋಗುತ್ತದೆ, ಹೋದರೆ ನೋಯುತ್ತದೆ ಎಂದು ಅವಳು ಎಣಿಸಿರಲಿಲ್ಲ.

ಪರೀಕ್ಷೆಗಳು ವಾರಗಟ್ಟಲೆ ನಡೆದವು. ಮೊದಮೊದಲು ಏನೂ ಸಿಗಲಿಲ್ಲ. ಎಲ್ಲ ಸರಿಯಿದ್ದರೆ ಅಣ್ಣನ ಮುಖ ಹೇಗೆ ನೋಡಲಿ ಎಂದು ಅಂಜಿದಳು. ಹಾಗಂದುಕೊಂಡದ್ದಕ್ಕೆ ತನ್ನ ಬಗ್ಗೆಯೇ ಹೇಸಿಕೊಂಡಳು. ಕೊನೆಗೆ ಎದೆಗೆ ಅಂಟಿಸಿದ್ದ ಪುಟ್ಟ ಯಂತ್ರ ತೋರಿಸಿಕೊಟ್ಟಿತು: ಅವನ ಗುಂಡಿಗೆ ಆಗಾಗ ಬಡಿತ ಮರೆಯುತ್ತಿತ್ತು. ಭುಜದ ಕೆಳಗೆ, ಚರ್ಮದೊಳಗೆ ಒಂದು ಸಾಧನ ಕೂರಿಸಿದರು. ಬಹಳ ಕಾಲ ಬಾಳುತ್ತಾನೆ, ಆದರೆ ಟ್ಯಾಂಕರ್ ಇನ್ನು ಬೇಡ ಎಂದರು ವೈದ್ಯರು. ಅವಳು ಆಸ್ಪತ್ರೆಗೆ ಹೋದಾಗ ಅತ್ತಿಗೆ ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಅವಳಿಗೆ ಜಾಗ ಮಾಡಿದಳು.

ಚೇತರಿಸಿಕೊಂಡ ಮೇಲೆ ಅಣ್ಣ ತನ್ನ ಸಾಮಾನು ತೆಗೆದುಕೊಳ್ಳಲು ಅಂಗಳಕ್ಕೆ ಬಂದ. ದಿಂಬು, ನೀರಿನ ಕ್ಯಾನು, ಹಲ್ಲು ಮುರಿದ ಬಾಚಣಿಗೆಗಳನ್ನು ಟ್ಯಾಂಕರ್ ಹತ್ತಿ ಒಂದೊಂದಾಗಿ ಮೇಲಿನಿಂದ ಕೊಟ್ಟ. ಅವಳು ಕೆಳಗೆ ನಿಂತು ಇಸಿದುಕೊಂಡಳು. ಇಳಿಯುವ ಮುಂಚೆ ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಕೂತ.

"ಹಿಂದೇನೂ ಹಾಗಾಗಿತ್ತು," ಎಂದ. "ಯಾರಿಗೂ ಹೇಳಿರ್ಲಿಲ್ಲ. ನಿನ್ನ ಮುಂದೇನೇ ಯಾಕೆ ಬಾಯಿಬಿಟ್ಟೆ ಅಂತ ಮಲಗಿದಾಗೆಲ್ಲ ಯೋಚಿಸ್ದೆ. ನೀನು ಸುಮ್ನಿರಲ್ಲ ಅಂತ ಗೊತ್ತಿತ್ತಲ್ಲ."

ಅವಳು ದಿಂಬನ್ನು ಎದೆಗವಚಿಕೊಂಡು ನಿಂತಳು.

ಟ್ಯಾಂಕರನ್ನು ಒಯ್ಯಬೇಕಿದ್ದ ಹೊಸ ಚಾಲಕ, ತಿರುವಿನವರೆಗೆ ಬಿಡುತ್ತೇನೆ ಬನ್ನಿ ಎಂದ. ಅಣ್ಣ ಮೊದಲ ಬಾರಿಗೆ ಆ ಗಾಡಿಯ ಎಡಗಡೆ ಕೂತ. ಗೇಟಿನ ಬಳಿ ವೇಗ ತಗ್ಗಿದಾಗ, ಏನೂ ಇಲ್ಲದ ನೆಲವನ್ನು ಅವನ ಬಲಗಾಲು ಬ್ರೇಕಿನಂತೆ ಒತ್ತಿತು.