ತುಂಬಿದ ಕೊಡದ ಊರು

ಒಳ್ಳೆಯ ಕೆಲಸಕ್ಕೆ ಹೊರಟವನಿಗೆ ತುಂಬಿದ ಕೊಡ ಎದುರು ಬರಬೇಕು ಅನ್ನುವುದನ್ನು ಮಾರಕ್ಕನಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ. ಅದು ತಾಯಿಯ ಹಾಲಿನ ಜೊತೆಗೇ ಒಳಗಿಳಿದದ್ದು. ಮುತ್ತೈದೆಯ ತಲೆಯ ಮೇಲೆ ನೀರು ತುಳುಕುವ ಕೊಡ ಕಂಡರೆ ಹೋದ ಕೆಲಸ ಆದಂತೆಯೇ. ಖಾಲಿ ಕೊಡ ಕಂಡರೆ ಮನೆಗೆ ಹಿಂತಿರುಗಿ, ಒಂದು ಗಳಿಗೆ ಕೂತು, ಮತ್ತೆ ಹೊರಡಬೇಕು. ಗಂಡ ಸತ್ತವಳು ಎದುರಾದಳೋ, ಅವತ್ತು ಹೊರಡುವುದೇ ಬೇಡ. ಮಾರಕ್ಕನ ಗಂಡ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಊರಲ್ಲಿ ಯಾರಾದರೂ ಹೊರಡುವ ಸುದ್ದಿ ಕಿವಿಗೆ ಬಿದ್ದರೆ ಅವಳೇ ಹಿತ್ತಲ ಕಡೆ ಸರಿದುಬಿಡುತ್ತಿದ್ದಳು. ಅದರ ಬಗ್ಗೆ ಅವಳಿಗೆ ಬೇಜಾರಿರಲಿಲ್ಲ. ಬೇಜಾರೆಲ್ಲ ನೀರಿನ ಮೇಲೆ.

ದೊಡ್ಡಬೆಳವಂಗಲದ ಆಚೆ ಇದ್ದ ಕಲ್ಲುದಿಬ್ಬ ಎಂಬ ಆ ಊರಿಗೆ ದೇವರು ರಾಗಿ ಹೊಲ ಕೊಟ್ಟಿದ್ದ, ಹುಣಸೆ ತೋಪು ಕೊಟ್ಟಿದ್ದ, ಮೀಸೆ ತಿರುವಿಕೊಂಡು ಚಾವಡಿಯಲ್ಲಿ ಕೂರುವ ಪಟೇಲನನ್ನೂ ಕೊಟ್ಟಿದ್ದ. ನೀರು ಕೊಡುವುದನ್ನು ಮಾತ್ರ ಮರೆತಿದ್ದ. ಊರ ಬಾವಿಯದು ಸವುಳು ನೀರು, ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ. ಶಿವರಾತ್ರಿ ಕಳೆದರೆ ಆ ಸವುಳೂ ತಳ ಹಿಡಿಯುತ್ತಿತ್ತು. ಕುಡಿಯುವ ನೀರಿಗೆ ದಿಬ್ಬ ಹತ್ತಿ ಇಳಿದು ಹಳೇತೋಟದ ಬಾವಿಗೆ ಹೋಗಬೇಕು. ಅಲ್ಲಿ ತೋಟವೇನೂ ಉಳಿದಿರಲಿಲ್ಲ, ಬಾವಿ ಮಾತ್ರ ಇತ್ತು. ಒಂದು ಸಲ ಹೋಗಿ ಬರುವಷ್ಟರಲ್ಲಿ ಹೊತ್ತು ನೆತ್ತಿಯ ಹತ್ತಿರ ಬಂದಿರುತ್ತಿತ್ತು. ಗಂಡಸರು ಯಾರೂ ಹೋಗುತ್ತಿರಲಿಲ್ಲ. ಗಂಡಸು ಕೊಡ ಹೊತ್ತರೆ ಮಾನ ಹೋಗುತ್ತದಲ್ಲ, ಅದಕ್ಕೆ.

ಮಾರಕ್ಕನ ಮಂಡಿ ಹಿಡಿದುಕೊಂಡ ಮೇಲೆ ಆ ಮನೆಯ ನೀರೆಲ್ಲ ಸೊಸೆ ವರಲಕ್ಷ್ಮಮ್ಮನ ತಲೆಗೇ ಬಂದಿತ್ತು. ಮಗ ಪಿಳ್ಳಪ್ಪ ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸಕ್ಕಿದ್ದ, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಹಿಂದಿನ ಬೇಸಗೆಯಲ್ಲಿ ವರಲಕ್ಷ್ಮಮ್ಮ ದಿಬ್ಬದ ನೊರಜುಗಲ್ಲಿನ ಮೇಲೆ ಕಾಲು ಜಾರಿ ಕೊಡದ ಸಮೇತ ಬಿದ್ದು, ಹೊಟ್ಟೆಯಲ್ಲಿದ್ದದ್ದನ್ನು ಕಳೆದುಕೊಂಡಿದ್ದಳು. ಈಗ ಮತ್ತೆ ಬಸುರಿ. ಈ ಸಲ ಅವಳು ಹೆರುವುದರೊಳಗೆ ಊರ ಬಾಗಿಲಿಗೆ ನೀರು ಬರಬೇಕು, ಮಿಕ್ಕಿದ್ದು ಹೇಗಾದರೂ ಇರಲಿ ಎಂದು ಮಾರಕ್ಕ ಕಂಡ ಕಂಡ ದೇವರಿಗೆಲ್ಲ ಕೈಮುಗಿಯುತ್ತಿದ್ದಳು. ಘಾಟಿ ಸುಬ್ರಹ್ಮಣ್ಯನಿಗೂ ಒಂದು ಹರಕೆ ಕಟ್ಟಿದ್ದಳು.

ಹೀಗಿರುವಾಗ, ನಲವತ್ತೇಳನೆಯ ಇಸವಿಯ ಶಿವರಾತ್ರಿ ಆದ ಮೇಲೆ, ಊರಿಗೆ ಒಬ್ಬ ದೊರೆ ಹುಡುಗ ಬಂದ. ಅಧಿಕಾರದ ದೊರೆಯಲ್ಲ, ಸಮುದ್ರದಾಚೆ ಯಾವುದೋ ಕಾಲೇಜಿನಲ್ಲಿ ಓದುತ್ತಿದ್ದವನು. ಹೋಬಳಿಯ ಹಳ್ಳಿಗಳನ್ನು ಸುತ್ತಿ, ಯಾವ ಊರಿಗೆ ನೀರಿನ ಕಷ್ಟ ಹೆಚ್ಚು ಎಂದು ಕಂಡುಹಿಡಿದು ಹೇಳುವುದು ಅವನ ಓದಿನ ಒಂದು ಭಾಗವಂತೆ. ಅವನು ಯಾವ ಊರಿನ ಹೆಸರು ಹೇಳುತ್ತಾನೋ ಆ ಊರಿಗೆ ಬೋರಿಂಗು. ನೆಲ ಕೊರೆದು ಕಬ್ಬಿಣದ ಕೊಳವೆ ಇಳಿಸುತ್ತಾರೆ, ಕೈಯಲ್ಲಿ ಒತ್ತಿದರೆ ಸಿಹಿನೀರು ದಬದಬ ಬೀಳುತ್ತದೆ. ಇನ್ನೂ ಮೀಸೆ ಚಿಗುರದ ಹುಡುಗನ ಬಾಯಲ್ಲಿ ಒಂದು ಹೋಬಳಿಯ ಹಣೆಬರಹ. ಇರಲಿ, ನೀರು ಬಂದರಾಯಿತು ಎಂದುಕೊಂಡರು ಜನ.

ಅವನ ಮಾತನ್ನು ಕನ್ನಡಕ್ಕೆ ತಿರುಗಿಸಲು ಹನುಮಂತರಾಯಪ್ಪ ಎಂಬ ಹುಡುಗ ಜೊತೆಗಿದ್ದ. ದೊಡ್ಡಬಳ್ಳಾಪುರದವನೇ, ಬೆಂಗಳೂರಿನಲ್ಲಿ ವಿಜ್ಞಾನ ಓದುತ್ತಿದ್ದ. ಈ ಕೆಲಸ ಚೆನ್ನಾಗಿ ಆದರೆ ದೊರೆಯ ಮೇಷ್ಟರು ತನ್ನನ್ನೂ ಆ ದೇಶಕ್ಕೆ ಕರೆಸಿಕೊಳ್ಳುತ್ತಾರೆ ಎಂಬ ಆಸೆ ಅವನಿಗೆ. ಬಿಸಿಲಲ್ಲೂ ಕೋಟು ಬಿಚ್ಚುತ್ತಿರಲಿಲ್ಲ.

ಮೊದಲ ದಿನವೇ ಪಟೇಲ ದೊಡ್ಡಮುನಿಯಪ್ಪನನ್ನು ದೊರೆ ಹುಡುಗ ನೀರಿನ ವಿಚಾರ ಕೇಳಿದ. ಅತಿಥಿಯ ಮುಂದೆ ನಮ್ಮೂರಲ್ಲಿ ಕುಡಿಯಲು ನೀರಿಲ್ಲ ಅನ್ನಲು ಪಟೇಲನ ನಾಲಿಗೆ ಹೊರಳುವುದುಂಟೇ?

"ಬೇಸಗೇಲಿ ಒಸಿ ಕಷ್ಟ ಆಯ್ತದೆ. ಮಿಕ್ಕಂತೆ ದೇವರು ನಡೆಸ್ತವ್ನೆ" ಅಂದ.

ಕಷ್ಟವೆಂದು ಎಲ್ಲ ಊರಿನವರೂ ಹೇಳುತ್ತಾರೆ, ನಾನು ಕಣ್ಣಲ್ಲಿ ಕಂಡದ್ದನ್ನು ಮಾತ್ರ ಎಣಿಸುತ್ತೇನೆ ಎಂದನಂತೆ ದೊರೆ. ಮಾತು ಹೆಂಗಸರ ಕಿವಿಗೂ ಬಿತ್ತು. ಅದರ ಅರ್ಥ ಏನೆಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮಾರಕ್ಕನೂ ಕೆಡಿಸಿಕೊಳ್ಳಲಿಲ್ಲ. ಅವಳ ತಲೆಯಲ್ಲಿ ಬೇರೆಯೇ ಓಡುತ್ತಿತ್ತು.

"ದಿನಾ ಬೆಳಿಗ್ಗೆ ಈ ಕೆಲಸಕ್ಕೆ ಅಂತ ಚಾವಡಿಯಿಂದ ಹೊರಡ್ತಾನಲ್ಲ, ಆಗ ತುಂಬಿದ ಕೊಡ ಎದುರಿಗೆ ಬರ್ಬೇಕು ಕಣ್ರೇ" ಎಂದು ಅವಳು ಕೇರಿಯ ಹೆಂಗಸರನ್ನು ಸೇರಿಸಿ ಹೇಳಿದಳು. "ಒಬ್ಬಳಲ್ಲ, ಸಾಲಾಗಿ ಬನ್ನಿ. ಅವನು ಇರೋವರ್ಗೂ ಒಂದಿನಾನೂ ತಪ್ಪಬಾರ್ದು. ಶಕುನ ಗಟ್ಟಿಯಾಗಿದ್ರೆ ಬೋರಿಂಗು ನಮ್ದೇ."

"ಅಷ್ಟೊಂದು ನೀರು ಎಲ್ಲಿಂದ ತರಾದು ಮಾರಕ್ಕ?" ಅಂದಳು ಪಕ್ಕದ ಮನೆಯ ಅಮ್ಮಯಮ್ಮ.

"ಒಂದ್ಸಲ ಹೆಚ್ಗೆ ಹೋಗಿ. ಆಮೇಲೆ ಜನ್ಮಪೂರ್ತಿ ಆ ದಿಬ್ಬ ಹತ್ತಂಗಿಲ್ಲವಲ್ಲ."

ಹೆಂಗಸರು ಒಪ್ಪಿದರು. ಪಟೇಲನಂತೂ ಮಾರಕ್ಕನನ್ನು ಹೊಗಳಿದ್ದೇ ಹೊಗಳಿದ್ದು.

ಅಲ್ಲಿಂದ ಮುಂದೆ ಹೆಂಗಸರು ಕೋಳಿ ಕೂಗುವ ಮೊದಲೇ ದಿಬ್ಬ ಹತ್ತತೊಡಗಿದರು. ಬೆಳಗಿಟ್ಟ ಹಿತ್ತಾಳೆ ಕೊಡ, ತಲೆಯಲ್ಲಿ ಹೂವು, ಹಣೆ ತುಂಬ ಕುಂಕುಮ. ದೊರೆ ಹುಡುಗ ಚಾವಡಿಯ ಮೆಟ್ಟಿಲಿಳಿಯುವ ಹೊತ್ತಿಗೆ ಸರಿಯಾಗಿ ಸಾಲಾಗಿ ಎದುರು ಬರುತ್ತಿದ್ದರು. ಮುಂದೆ ವರಲಕ್ಷ್ಮಮ್ಮ. ಮುತ್ತೈದೆ, ಅದರ ಮೇಲೆ ಬಸುರಿ. ಇದಕ್ಕಿಂತ ದೊಡ್ಡ ಶಕುನ ಇನ್ನೇನಿದೆ? ಅವಳ ಕಾಲು ಊದಿತ್ತು. ಒಂದು ದಿನ ಬೆಳಿಗ್ಗೆ ಸಿಂಬೆ ಸುತ್ತುತ್ತಾ, "ಅತ್ತೆ, ಇವತ್ತೊಂದಿನ ಆಗಕಿಲ್ಲ" ಅಂದಳು.

"ಇನ್ನು ಸ್ವಲ್ಪ ದಿನ ಕಣವ್ವ. ನಿನ್ನ ಹೊಟ್ಟೇಲಿರೋದಕ್ಕೇ ತಾನೆ ಇದೆಲ್ಲ" ಎಂದು ಮಾರಕ್ಕ ಅವಳ ಕಾಲಿಗೆ ಹರಳೆಣ್ಣೆ ತಿಕ್ಕಿದಳು. ವರಲಕ್ಷ್ಮಮ್ಮ ಕೊಡ ತೆಗೆದುಕೊಂಡು ಹೋದಳು.

ಶಕುನದ ನೀರನ್ನು ದೊರೆ ದಾಟಿಹೋಗುವವರೆಗೆ ಮುಟ್ಟುವಂತಿರಲಿಲ್ಲ. ಮನೆಗಳಲ್ಲಿ ಮಕ್ಕಳು ಬಾಯಾರಿ ಅಳುತ್ತಿದ್ದವು. ದನಗಳಿಗೆ ಸವುಳು ನೀರೂ ಸಾಲದೆ ಅವು ಖಾಲಿ ಬಾನಿ ನೆಕ್ಕುತ್ತಿದ್ದವು. ಅದೆಲ್ಲ ಹಿತ್ತಲಿನ ಸಂಗತಿ. ದೊರೆ ಹುಡುಗ ಹಿತ್ತಲಿಗೆ ಬರಲಿಲ್ಲ. ಅವನು ಬೀದಿಯಲ್ಲಿ ನಗುನಗುತ್ತಾ ನಿಂತು, ಸೀಸದ ಕಡ್ಡಿಯ ತುದಿಯಿಂದ ಕೊಡಗಳನ್ನು ಎಣಿಸಿಕೊಂಡು ಮುಂದೆ ಹೋಗುತ್ತಿದ್ದ. ಹಳೇತೋಟದ ಬಾವಿಯನ್ನೂ ನೋಡಿ ಬಂದ. ಪಟೇಲ ಅವನನ್ನು ನಡೆಸುವುದುಂಟೇ? ಮೆತ್ತೆ ಹಾಸಿದ ಗಾಡಿಯಲ್ಲಿ ಸುತ್ತುದಾರಿಯಲ್ಲಿ ಕರೆದುಕೊಂಡು ಹೋಗಿ, ಎಳನೀರು ಕುಡಿಸಿ ಕರೆತಂದಿದ್ದ. ದಾರಿಯ ದೂರ ದೊರೆಯ ಕಾಲಿಗೆ ಗೊತ್ತಾಗಲೇ ಇಲ್ಲ. ಹನುಮಂತರಾಯಪ್ಪ ಎಲ್ಲವನ್ನೂ ನೋಡುತ್ತಿದ್ದ. ನಮ್ಮ ನೆಲದವನೇ ಅಲ್ಲವೇ, ಆ ಕೊಡಗಳು ಯಾಕೆ ಬರುತ್ತಿವೆ ಎಂದು ಅವನಿಗೆ ಗೊತ್ತಿತ್ತು.

ಮಾರಕ್ಕ ಇದನ್ನೆಲ್ಲ ಹಿತ್ತಲ ಗೋಡೆಯ ಸಂದಿಯಿಂದ ನೋಡುತ್ತಿದ್ದಳು. ತಾನು ಕಣ್ಣಿಗೆ ಬೀಳಬಾರದಲ್ಲ. ದೊರೆ ನಕ್ಕಾಗೆಲ್ಲ ಅವಳಿಗೆ ಜೀವ ತಂಪಾಗುತ್ತಿತ್ತು. ಅವನು ಊರು ಬಿಟ್ಟು ಹೊರಟ ದಿನ ಇಡೀ ಕೇರಿಯ ಕೊಡಗಳು ಎದುರು ಬಂದವು. ಅವನು ವರಲಕ್ಷ್ಮಮ್ಮನನ್ನು ನಿಲ್ಲಿಸಿ ಫೋಟೋ ಹಿಡಿದುಕೊಂಡ. ಅವಳು ತಲೆಯ ಮೇಲಿನ ಭಾರಕ್ಕೆ ಹಲ್ಲು ಕಚ್ಚಿಕೊಂಡು ನಿಂತಿದ್ದಳು. ಫೋಟೋದಲ್ಲಿ ನಕ್ಕಂತೆ ಬಂದಿರಬೇಕು.

ವೈಶಾಖದಲ್ಲಿ ನೆಲ ಕೊರೆಯುವ ಯಂತ್ರ ಲಾರಿಯ ಮೇಲೆ ಬಂತು. ಸದ್ದು ಕೇಳಿ ಊರೇ ರಸ್ತೆಗೆ ಓಡಿತು. ಪಟೇಲ ಹಾರ ಹಿಡಿದು ನಿಂತಿದ್ದ. ಲಾರಿ ಊರ ಬಾಗಿಲಲ್ಲಿ ನಿಂತಿತು, ನೀರು ಕುಡಿಯಲು ಕೇಳಿತು, ಕುಡಿದು ಮರಳಹಳ್ಳಿ ದಾರಿ ಹಿಡಿಯಿತು. ಮರಳಹಳ್ಳಿಗೆ ಕೆರೆ ಇದೆ, ಕೆರೆಯ ಕೆಳಗೆ ಗದ್ದೆ ಇದೆ, ಮನೆಗೊಂದು ಬಾವಿ ಇದೆ.

ಲಾರಿಯ ಹಿಂದೆ ಹನುಮಂತರಾಯಪ್ಪ ಸೈಕಲ್ಲಿನಲ್ಲಿ ಬರುತ್ತಿದ್ದ. ಮಾರಕ್ಕ ಕುಂಟುತ್ತಾ ಹೋಗಿ ಸೈಕಲ್ಲು ಹಿಡಿದುಕೊಂಡಳು.

"ಏನಪ್ಪಾ, ಆ ಕಡೆ ಯಾಕೋಯ್ತು ಲಾರಿ?"

"ಅಲ್ಲಿಗೇ ಅಮ್ಮ ಬೋರಿಂಗು ಮಂಜೂರಾಗಿರೋದು."

"ಮರಳಹಳ್ಳಿಗೆ ನೀರಿಗೇನು ದಾಡಿ ಬಂದದೆ?"

ಅವನು ಅತ್ತ ಇತ್ತ ನೋಡಿದ. "ಬೆಳಿಗ್ಗೆ ಹೋದಾಗ ಅಲ್ಲಿನ ಹೆಂಗಸ್ರು ಖಾಲಿ ಕೊಡ ತಗೊಂಡು ಬೆಳಗೋಕೆ ಅಂತ ಕೆರೆ ಕಡೆ ಹೊರಟಿದ್ರು. ದೊರೆ ಅದನ್ನೇ ಎಣಿಸ್ದ. ನಿಮ್ಮೂರಲ್ಲಿ ಹೊತ್ತು ಏರೋಕೆ ಮುಂಚೇನೇ ಎಲ್ಲರ ತಲೆ ಮೇಲೂ ತುಂಬಿದ ಕೊಡ. ನೀರು ಹತ್ತಿರಾನೇ ಇದೆ, ಬೇಕಾದಷ್ಟಿದೆ ಅಂತ ಅಂದ್ಕೊಂಡ."

ಮಾರಕ್ಕನಿಗೆ ತಲೆಯ ಮೇಲೆ ಯಾರೋ ಒನಕೆಯಲ್ಲಿ ಹೊಡೆದಂತಾಯಿತು. "ನಿಂಗೆ ಗೊತ್ತಿತ್ತಲ್ಲಪ್ಪ, ಅದು ಶಕುನದ ಕೊಡ ಅಂತ. ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಗೆ ಹೇಳ್ಲಿ? ಶಕುನ ಗಿಕುನ ಅಂದ್ರೆ ನಗ್ತಿದ್ದ. ಇಂಥಾ ಜನರ ಮಧ್ಯದಿಂದ ಬಂದವನಾ ನೀನು ಅಂತಿದ್ದ."

ಅವನು ಸೈಕಲ್ಲು ಬಿಡಿಸಿಕೊಂಡು ಹೊರಟ. ಮಾರಕ್ಕ ರಸ್ತೆಯಲ್ಲೇ ಕೂತುಬಿಟ್ಟಳು. ಶಕುನದ ಮಾತು ಎತ್ತಿದವಳು ತಾನು, ಸಾಲು ನಿಲ್ಲಿಸಿದವಳು ತಾನು, ಕಾಲು ಊದಿದ ಬಸುರಿಯನ್ನು ಮುಂದೆ ತಳ್ಳಿದವಳೂ ತಾನೇ. ಅವಳಿಗೆ ಅಳುವೂ ಬರಲಿಲ್ಲ.

ಆಷಾಢ ಹುಟ್ಟುವ ಮೊದಲು ವರಲಕ್ಷ್ಮಮ್ಮನಿಗೆ ಹಳೇತೋಟದ ದಾರಿಯಲ್ಲೇ ನೋವು ಬಂತು. ಹೆಂಗಸರು ಸೀರೆ ಮರೆ ಹಿಡಿದರು. ತಿಂಗಳು ತುಂಬದ ಗಂಡುಮಗು ಹುಟ್ಟಿತು, ಅಳಲಿಲ್ಲ. ಅವಳು ತಂದಿದ್ದ ಕೊಡದ ನೀರಿನಲ್ಲೇ ಅದನ್ನು ತೊಳೆದು ದಿಬ್ಬದ ಮಗ್ಗುಲಲ್ಲಿ ಮಣ್ಣು ಮಾಡಿದರು. ವರಲಕ್ಷ್ಮಮ್ಮ ಅತ್ತೆಯನ್ನು ಒಂದು ಮಾತೂ ಅನ್ನಲಿಲ್ಲ. ಮೈ ಆರಿದ ಮೇಲೆ ಮತ್ತೆ ಕೊಡ ತೆಗೆದುಕೊಂಡು ಆ ಮಣ್ಣಿನ ಪಕ್ಕದಲ್ಲೇ ನಡೆದಾಡತೊಡಗಿದಳು. ಅಂದುಬಿಟ್ಟಿದ್ದರೆ ಮಾರಕ್ಕನಿಗೆ ಸುಲಭವಾಗುತ್ತಿತ್ತು.

ದೇಶಕ್ಕೆ ಸ್ವಾತಂತ್ರ್ಯ ಬಂತು. ಚಾವಡಿಯ ಮೇಲೆ ಬಾವುಟ ಹಾರಿತು, ಪಟೇಲ ಭಾಷಣ ಮಾಡಿದ. ಮುಂದಿನ ಬೇಸಗೆಗೆ ಇನ್ನೊಬ್ಬ ಬಿಳಿ ಹುಡುಗ ಬಂದ. ಇವನದು ಬೇರೆ ದೇಶವಂತೆ, ಓದು ಅದೇ, ಕೆಲಸ ಅದೇ. ಮರಳಹಳ್ಳಿಯ ಬೋರಿಂಗಿನಿಂದ ಎಷ್ಟು ಅನುಕೂಲವಾಯಿತು ಎಂದು ನೋಡಿ, ಇನ್ನೊಂದು ಊರಿನ ಹೆಸರು ಹೇಳಿ ಹೋಗುತ್ತಾನೆ. ಜೊತೆಗೆ ಅದೇ ಹನುಮಂತರಾಯಪ್ಪ. ಅವನನ್ನು ಯಾರೂ ಇನ್ನೂ ಕರೆಸಿಕೊಂಡಿರಲಿಲ್ಲ, ಕೋಟು ಮಾಸಿತ್ತು.

ಪಟೇಲ ಮನೆಮನೆಗೆ ಹೇಳಿಕಳಿಸಿದ: ನಾಳೆ ಬೆಳಿಗ್ಗೆ ದೊರೆ ಬರುತ್ತಾನೆ, ಹೋದ ಸಲದಂತೆ ಮುತ್ತೈದೆಯರು ತುಂಬಿದ ಕೊಡ ಹಿಡಿದು ನಿಲ್ಲಬೇಕು.

ಮಾರಕ್ಕ ಅವನ ಮನೆಗೇ ಹೋದಳು. "ಬ್ಯಾಡಿ ಪಟೇಲ್ರೇ. ಹೋದ ಸಲ ಆ ಕೊಡಗಳಿಂದ್ಲೇ ಕೆಟ್ಟಿದ್ದು. ಖಾಲಿ ಕೊಡ ತೋರ್ಸಿ."

"ಬಂದ ಅತಿಥಿಗೆ ಖಾಲಿ ಕೊಡ ತೋರಿಸೋದಾ? ನಾಲ್ಕು ಜನ ಕೇಳಿದ್ರೆ ಏನಂದಾರು?" ಅಂದ ಪಟೇಲ. "ಹೋದ ಸಲ ಶಕುನ ಸಾಲ್ದೇ ಹೋಯ್ತು. ಯಾರೋ ಹಿತ್ತಿಲಿಂದ ಇಣುಕಿರ್ಬೇಕು." ಅವನು ಯಾರನ್ನು ಅಂದದ್ದೆಂದು ಅವಳಿಗೆ ತಿಳಿಯಿತು.

ಬೆಳಿಗ್ಗೆ ಸಾಲು ನಿಂತಿತು. ವರಲಕ್ಷ್ಮಮ್ಮನೂ ತುಂಬಿದ ಕೊಡದ ಜೊತೆ ನಿಂತಿದ್ದಳು, ಪಟೇಲನ ಮಾತು ಮೀರುವ ಮನೆಯಲ್ಲ ಅದು. ಬಿಳಿ ಹುಡುಗ ಗಾಡಿಯಿಂದಿಳಿದು ಬೀದಿಯಲ್ಲಿ ಹೆಜ್ಜೆ ಹಾಕುತ್ತಿದ್ದಂತೆ ಮಾರಕ್ಕ ಹಿತ್ತಲು ಬಿಟ್ಟು ಹೊರಗೆ ಬಂದಳು. ಬೋಳು ಹಣೆ, ಬಳೆಯಿಲ್ಲದ ಕೈ, ಕಂಕುಳಲ್ಲಿ ಖಾಲಿ ಕೊಡ. ನೇರ ಬಂದವಳೇ ಅವನ ಎದುರಿಗೆ ನಿಂತು, ಕೊಡವನ್ನು ಬೋರಲು ಹಾಕಿ ತೋರಿಸಿದಳು. ಒಂದು ಹನಿಯೂ ಬೀಳಲಿಲ್ಲ.

"ಇದು ನಮ್ಮೂರ ನೀರು ಅಂತ ಹೇಳಪ್ಪ" ಅಂದಳು ಹನುಮಂತರಾಯಪ್ಪನಿಗೆ. "ಆ ಕೊಡಗಳೆಲ್ಲ ನಿನಗೋಸ್ಕರ ತಂದಿದ್ದು, ಇದು ನಮಗೆ ಉಳಿಯೋದು ಅಂತ ಹೇಳು. ನಗ್ಲಿ ಬೇಕಾದ್ರೆ."

ಹೆಂಗಸರು ಸೆರಗು ಬಾಯಿಗೆ ತಂದುಕೊಂಡರು. ಬಿಳಿ ಹುಡುಗ ಏನೆಂದು ಕೇಳಿದ. ಹನುಮಂತರಾಯಪ್ಪ ಬಾಯಿ ತೆರೆದ, ಅಷ್ಟರಲ್ಲಿ ಪಟೇಲ ನಡುವೆ ಬಂದುಬಿಟ್ಟ.

"ದೊರೆಗೆ ಕಾಲಿಗೆ ನೀರು ಕೊಡೋಕೆ ಬಂದವಳೆ, ವಯಸ್ಸಾದೋಳು, ತುಂಬೋದು ಮರೆತು ಬಂದವಳೆ ಅಂತ ಹೇಳಪ್ಪ. ನಮ್ಮಲ್ಲಿ ಮನೆಗೆ ಬಂದೋರಿಗೆ ಮೊದಲು ಕಾಲಿಗೆ ನೀರು ಅಂತ ಹೇಳು. ಮಾನ ಉಳಿಸು." ಆಮೇಲೆ ಸಾಲಿನ ಕಡೆ ತಿರುಗಿ, "ವರಲಕ್ಷ್ಮಮ್ಮ, ಬಾರವ್ವ, ನೀನು ಹಾಕು" ಅಂದ.

ಹನುಮಂತರಾಯಪ್ಪ ಮಾರಕ್ಕನ ಮುಖ ನೋಡಿದ, ತನ್ನ ಮಾಸಿದ ಕೋಟಿನ ತೋಳು ನೋಡಿಕೊಂಡ, ಇಂಗ್ಲಿಷಿನಲ್ಲಿ ಏನೋ ಹೇಳಿದ. ಏನು ಹೇಳಿದನೆಂದು ಮಾರಕ್ಕನಿಗೆ ಬೇರೆ ಯಾರೂ ತಿಳಿಸಬೇಕಾಗಿರಲಿಲ್ಲ. ಬಿಳಿ ಹುಡುಗನ ಮುಖ ಅರಳಿತು. ಅವನು ಮಾರಕ್ಕನಿಗೆ ಕೈಮುಗಿದು, ಅಲ್ಲೇ ಕಲ್ಲಿನ ಮೇಲೆ ಕೂತು ಬೂಟಿನ ದಾರ ಬಿಚ್ಚತೊಡಗಿದ.

ವರಲಕ್ಷ್ಮಮ್ಮ ಕೊಡ ಇಳಿಸಿಕೊಂಡು ಬಂದಳು. ಒಂದು ಸಲ ಅತ್ತೆಯ ಕಡೆ ನೋಡಿದಳು. ಬಗ್ಗಿ ಅವನ ಬೆಳ್ಳನೆಯ ಪಾದಗಳ ಮೇಲೆ ನೀರು ಹುಯ್ದಳು. ಅವನು ತಂಪಾಯಿತೆಂದು ನಗುತ್ತಾ ಇನ್ನೂ ಹಾಕು ಎಂದು ಕೈಸನ್ನೆ ಮಾಡಿದ. ಅವಳು ಕೊಡ ಬರಿದಾಗುವವರೆಗೆ ಹಾಕಿದಳು. ಬೀದಿಯ ಮಣ್ಣು ಅದನ್ನು ಹೀರಿಕೊಂಡಿತು. ಎಲ್ಲರೂ ಚಾವಡಿಯತ್ತ ಹೋದರು. ಬಿಳಿ ಹುಡುಗ ನಡೆಯುತ್ತಲೇ ಸೀಸದ ಕಡ್ಡಿ ತೆಗೆದು ಸಾಲಿನ ಕೊಡಗಳನ್ನು ಎಣಿಸಿಕೊಂಡ.

ಅತ್ತೆ ಸೊಸೆ ಇಬ್ಬರೇ ಉಳಿದರು. ವರಲಕ್ಷ್ಮಮ್ಮ ಸಿಂಬೆ ಕೊಡವಿ ಮತ್ತೆ ತಲೆಗಿಟ್ಟುಕೊಂಡಳು.

"ಅದನ್ನೂ ಕೊಡಿ ಅತ್ತೆ" ಅಂದಳು. ಮಾರಕ್ಕ ತನ್ನ ಕಂಕುಳಲ್ಲಿದ್ದ ಕೊಡ ಕೊಟ್ಟಳು. ಎರಡು ಖಾಲಿ ಕೊಡ ಹೊತ್ತುಕೊಂಡು ವರಲಕ್ಷ್ಮಮ್ಮ ದಿಬ್ಬದ ದಾರಿ ಹಿಡಿದಳು. ಆ ದಾರಿಯಲ್ಲಿ ಅವಳಿಗೆ ಎದುರು ಬರುವವರು ಯಾರೂ ಇರಲಿಲ್ಲ.